ನಿಂಬೋಳಿವಾಡಿಯ ಎರಡನೇ ಸಾಕ್ಷಿ

ಕಾಲೇಜು ಲೈಬ್ರರಿಯ ಮೆಟ್ಟಿಲ ಮೇಲೆ ಕಪಿಲನನ್ನು ಅಡ್ಡಗಟ್ಟಿ ನಿಲ್ಲಿಸಿದ ದಿನ ತರನ್ನುಮಳಿಗೆ ಅವನ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪ್ರೀತಿ ಆಮೇಲೆ ಬಂತು, ಅದೂ ಬರಬಾರದ ಹೊತ್ತಿನಲ್ಲಿ.

"ನೀವು ಔರಾದ ಕಡಿಯವರಲ್ಲೇನ್ರಿ? ನಿಂಬೋಳಿವಾಡಿ?"

"ಹೌದ್ರಿ. ಯಾಕ?"

"ನನಗ ನಿಮ್ಮ ಊರು ಬೇಕಾಗ್ಯದರಿ."

ಕಪಿಲನ ಹಿಂದಿದ್ದ ಗೆಳೆಯರು ಕೆಮ್ಮಿದರು. ಅವನ ಕಿವಿ ಕೆಂಪಾದವು. ಆದರೂ ಹುಡುಗ ಸುಮ್ಮನೆ ಸೋಲುವವನಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸುತ್ತ, "ಪೂರಾ ಊರು ಬೇಕೇನ್ರಿ, ಇಲ್ಲಾ ಒಂದು ಮನಿ ಸಾಕೇನ್ರಿ?" ಎಂದ.

"ಒಂದು ಬಾವಿ ಸಾಕ್ರಿ."

ಅವನ ನಗು ಅಲ್ಲೇ ಆರಿಹೋಯಿತು. ಕನ್ನಡಕ ಹಾಕಿಕೊಂಡು ಅವಳನ್ನು ಮತ್ತೊಮ್ಮೆ ನೋಡಿದ, ಈ ಸಲ ತಮಾಷೆಯಿಲ್ಲದೆ. "ಆ ಬಾವಿ ಸುದ್ದಿ ನಮ್ಮೂರಾಗ ಯಾರೂ ತೆಗಿಯಾಂಗಿಲ್ರಿ," ಎಂದ.

"ಯಾರೂ ತೆಗಿಯಾಂಗಿಲ್ಲ ಅಂತನೇ ನಮಗ ಬೇಕ್ರಿ," ಅಂದಳು ತರನ್ನುಮ.

ಆ ವರ್ಷದ ವಿದ್ಯಾರ್ಥಿ ಇತಿಹಾಸ ಸಂಶೋಧನಾ ಸ್ಪರ್ಧೆಗೆ ಕೊಟ್ಟ ವಿಷಯ 'ನಮ್ಮ ನೀರು, ನಮ್ಮ ಚರಿತ್ರೆ'. ಇಬ್ಬಿಬ್ಬರ ತಂಡ. ಬೀದರದಲ್ಲಿ ಇತಿಹಾಸ ಅಂದರೆ ಎಲ್ಲರೂ ಕೋಟೆಗೆ ಓಡುತ್ತಾರೆ, ನೀರು ಅಂದರೆ ನೌಬಾದದ ಸುರಂಗ ಬಾವಿಗೆ. ಹಾಗಾಗಿ ಅಲ್ಲಿ ತಂಡಗಳ ನೂಕುನುಗ್ಗಲು. ಮಾರ್ಗದರ್ಶಕರಾದ ನಜಮೋದ್ದೀನ ಸರ್ ಮಾತ್ರ, ಹೆಸರಿಲ್ಲದ ಬಾವಿ ಹಿಡಿಯಿರಿ, ಅದರ ಸುತ್ತಲಿನ ಮುದುಕರನ್ನು ಕೇಳಿರಿ ಎಂದಿದ್ದರು. ಹೇಗೆ ಕೇಳಬೇಕೆಂದೂ ಕಲಿಸಿದ್ದರು. ಉತ್ತರವನ್ನು ಪ್ರಶ್ನೆಯೊಳಗೇ ತುರುಕಬಾರದು. ಬರೀಬೇಡ ಅಂದದ್ದನ್ನು ಬರೆಯಬಾರದು. ಯಾವ ಮಾತಿಗೂ ಎರಡು ಸಾಕ್ಷಿ ಬೇಕು, ಮತ್ತು ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಬಿದ್ದರೆ ಸಿಗುವುದು ಎರಡನೇ ಸಾಕ್ಷಿಯಲ್ಲ, ಮೊದಲನೆಯದರ ನೆರಳು ಅಷ್ಟೇ.

ತರನ್ನುಮ ಇವನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡಳು. ಕಪಿಲನಿಗೆ ಹೇಳಬೇಕಾದ ಒಂದೇ ಒಂದು ಮಾತನ್ನು ಹೇಳದೆ ಉಳಿಸಿಕೊಂಡಳು.

ಬೀದರದ ಚಿದ್ರಿ ಬಡಾವಣೆಯ ಅವಳ ಮನೆಯಲ್ಲಿ ನಾನಿ, ಅಂದರೆ ತಾಯಿಯ ತಾಯಿ ಅನ್ವರಿ ಬೇಗಂ ಹಾಸಿಗೆ ಹಿಡಿದಿದ್ದರು. ಹುಟ್ಟಿದ್ದು ನಿಂಬೋಳಿವಾಡಿ. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆದ ವರ್ಷ, ಅವನ ಕಡೆಯ ರಜಾಕಾರರು ಮಾಡಿದ್ದಕ್ಕೆ ಮಾಡದವರ ಮನೆಗಳ ಮೇಲೆ ಸೇಡು ಬಿದ್ದಾಗ, ಅವರ ತಾಯಿ ಆ ಊರ ಬಾವಿಗೆ ಹಾರಿದರು. ಜೊತೆಗೆ ನಾನಿಯ ಪುಟ್ಟ ತಂಗಿ ಜೈನು. "ನಾ ಕಣ್ಣಾರ ನೋಡೀನಿ, ಜೈನು ಅಮ್ಮಿ ಹಿಂದನೇ ಬಿದ್ದಳು," ಎನ್ನುತ್ತಿದ್ದರು ನಾನಿ. ಮನೆಯಲ್ಲಿ ವರ್ಷಕ್ಕೊಮ್ಮೆ ಇಬ್ಬರ ಹೆಸರಿನಲ್ಲೂ ಫಾತಿಹಾ ಓದಿಸುತ್ತಿದ್ದರು. ಸ್ಪರ್ಧೆಯ ಸುದ್ದಿ ಕೇಳಿ ನಾನಿ ಮೊಮ್ಮಗಳ ಮಣಿಕಟ್ಟು ಹಿಡಿದರು.

"ಆ ಊರಿಗಿ ಹೋಗಬ್ಯಾಡ ಬೇಟಾ. ಆ ಬಾವಿ ನಮ್ಮ ಮನಿಯವರನ್ನ ಬಿಡಾಂಗಿಲ್ಲ."

ಇಪ್ಪತ್ತರ ಹುಡುಗಿಗೆ ಬೇಡ ಅಂದದ್ದೇ ಸಾಕಾಯಿತು.

ಔರಾದದ ಬಸ್ಸಿನಲ್ಲಿ ಅವಳು ಮುಂದೆ ಕೂರುತ್ತಿದ್ದಳು, ಅವನು ಹಿಂದೆ. ಅವಳಿಗೆ ಫ್ರೀ ಟಿಕೆಟ್. ಕಂಡಕ್ಟರ್ ಅವನ ಬಳಿ ಬಂದಾಗಲೆಲ್ಲ ಅವಳು ತಿರುಗಿ ನೋಡಿ ತುಟಿ ಕಚ್ಚಿ ನಗುತ್ತಿದ್ದಳು. ಅವನು ಟಿಕೆಟ್ಟನ್ನು ಎತ್ತಿ ತೋರಿಸಿ, ನಿನ್ನ ಲೆಕ್ಕಕ್ಕೆ ಬರೆದುಕೋ ಎಂಬಂತೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದ. ಅವರ ಸಲುಗೆ ಶುರುವಾದದ್ದು ಇಷ್ಟರಿಂದಲೇ.

ಬಾವಿ ಊರಾಚೆಯ ಜೋಳದ ಹೊಲದ ಬದುವಿನಲ್ಲಿತ್ತು. ಇಳಿಯಲು ಕಲ್ಲಿನ ಮೆಟ್ಟಿಲು. ಕೆಳಗೆ ನೀರಿತ್ತು, ಅದರ ಮೇಲೊಂದು ಎಲೆಯೂ ಅಲುಗುತ್ತಿರಲಿಲ್ಲ. ಆ ದಾರಿಯಲ್ಲಿ ಹರಟುತ್ತ ಬಂದ ಹೆಂಗಸರು ಬಾವಿ ಹತ್ತಿರವಾದಂತೆ ಮಾತು ನಿಲ್ಲಿಸಿ, ದಾಟಿದ ಮೇಲೆ ಮತ್ತೆ ಶುರುಮಾಡಿದರು.  ಇನ್ನೂ ವಿಚಿತ್ರವೆಂದರೆ ಮೆಟ್ಟಿಲುಗಳು ಆಗತಾನೇ ಗುಡಿಸಿದಂತೆ ಸ್ವಚ್ಛವಾಗಿದ್ದವು.

"ನಮ್ಮ ಆಯಿ ದಿನಾ ಸಂಜಿಗಿ ಬಂದು ಕಸ ಹೊಡಿತಾಳ," ಎಂದ ಕಪಿಲ. ಆಯಿ ಅಂದರೆ ಅವನ ಅಜ್ಜಿ, ಕೌಸಲ್ಯಾಬಾಯಿ. "ಯಾಕಂತ ಕೇಳಿದರ ಬೈತಾಳ."

ಬುದ್ಧನ ಪಟದ ಕೆಳಗೆ ಕೂತು ತೊಗರಿಕಾಯಿ ಸುಲಿಯುತ್ತಿದ್ದ ಕೌಸಲ್ಯಾಬಾಯಿ ಹುಡುಗಿಯನ್ನು ನೋಡಿದರು. ನೋಡಿದರು ಎಂದರೆ ಸಾಲದು, ಸುಲಿಯುವುದನ್ನು ಬಿಟ್ಟು ನೋಡಿದರು. "ಯಾರ ಮನಿ ಹುಡುಗಿ ನೀ?"

"ಬೀದರದಾಕಿರಿ. ಚಿದ್ರಿ."

"ಮೂಲ ಯಾವ ಊರು?"

"ಬೀದರನೇರಿ," ಅಂದಳು ತರನ್ನುಮ. ಕಪಿಲ ಪಕ್ಕದಲ್ಲೇ ಇದ್ದ. ನಾಲಿಗೆಯ ತುದಿಗೆ ಬಂದ ಸತ್ಯವನ್ನು ನುಂಗಿದಳು.

ಮುದುಕಿ ಬಿಸಿ ರೊಟ್ಟಿ ಹಾಕಿದರು, ಪುಂಡಿಪಲ್ಯೆ ಬಡಿಸಿದರು, ತಲೆ ಸವರಿದರು. ಆಮೇಲೆ ಹೇಳಿದರು: "ಕೆರಿ ಕೇಳು, ಹಳ್ಳ ಕೇಳು, ಬರಗಾಲ ಕೇಳು. ಬಾವಿ ಕೇಳಬ್ಯಾಡ."

ಆ ಚಳಿಗಾಲದಲ್ಲಿ ಶನಿವಾರ ಬಂತೆಂದರೆ ಇಬ್ಬರೂ ಬಸ್ಸಿನಲ್ಲಿ. ಕೆರೆ ಕೇಳಿದರು, ಹಳ್ಳ ಕೇಳಿದರು. ಪ್ರಶ್ನೆ ಕೇಳುವ ವಿದ್ಯೆಯನ್ನು ಒಬ್ಬರ ಮೇಲೊಬ್ಬರು ಪ್ರಯೋಗಿಸಿದರು.

"ನಿನಗ ನಾ ಸೇರ್ತೇನೇನು?" ಎಂದು ಒಮ್ಮೆ ಕೇಳಿದ ಕಪಿಲ, ಔರಾದ ಬಸ್‌ಸ್ಟ್ಯಾಂಡಿನಲ್ಲಿ ಚಹಾದ ಕಪ್ಪಿನೊಳಗೆ ನೋಡುತ್ತ.

"ತಪ್ಪು ಪ್ರಶ್ನೆ. ಉತ್ತರ ಒಳಗೇ ಅದ."

ಅವನು ತಲೆ ಕೆರೆದುಕೊಂಡ. "ಹಂಗಾದರ... ನನ್ನ ಬಗ್ಗೆ ಏನು ಹೇಳ್ತಿ?"

"ಇದು ಸರಿ ಪ್ರಶ್ನೆ," ಅಂದಳು. ಆದರೆ ಉತ್ತರ ಹೇಳಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆ ಉತ್ತರ ಅವನಿಗೆ ಸಾಕಾಯಿತು. ಅವಳಿಗೂ ಆಗಲೇ ಗೊತ್ತಾದದ್ದು: ಈ ಹುಡುಗನಿಲ್ಲದ ಶನಿವಾರವನ್ನು ತಾನು ತಡೆಯಲಾರೆ. ಸಂತೋಷದ ಬೆನ್ನಿಗೇ ಭಯ ಬಂತು. ಎದುರಿನ ಪಾನ್ ಅಂಗಡಿಯ ಬಳಿ ಯಾರೋ ಮೊಬೈಲ್ ಎತ್ತಿ ಅವರತ್ತ ಹಿಡಿದಿದ್ದ. ಇವಳು ನೋಡಿದೊಡನೆ ಇಳಿಸಿದ. ಮರುವಾರ ಕಪಿಲನ ತಂದೆ ಮಾಣಿಕ ಮಗನಿಗೆ ಹೇಳಿದ್ದು ಒಂದೇ ಮಾತು: "ಸ್ಪರ್ಧಾ ಮುಗಿಯೋತನಾ ಸುಮ್ಮನಿರ್ತೇನಿ. ಮುಂದ ಇರಾಂಗಿಲ್ಲ."

ಸ್ಪರ್ಧೆ ಹತ್ತಿರ ಬಂತು. ಬಾವಿಯ ಬಗ್ಗೆ ಅವರ ಬಳಿ ಇದ್ದದ್ದು ಒಂದೇ ಸಾಕ್ಷಿ, ತರನ್ನುಮಳ ಮೊಬೈಲಿನಲ್ಲಿದ್ದ ಅನ್ವರಿ ಬೇಗಂ ಅವರ ದನಿ. ಕಪಿಲನಿಗೆ ಅವಳು, "ಚಿದ್ರಿಯಾಗಿನ ಒಬ್ಬ ಮುದುಕಿ" ಎಂದಷ್ಟೇ ಹೇಳಿದ್ದಳು.

ಆಸೆ ಬುದ್ಧಿಗೆ ಮಂಕು ಕವಿಸುತ್ತದೆ. ಸರ್ ಕಲಿಸಿದ್ದ ಪಾಠಗಳಲ್ಲಿ ಮುರಿಯಲೇಬಾರದ ಪಾಠವನ್ನೇ ಅವಳು ಮುರಿದಳು. ಒಬ್ಬರ ಮಾತು ಕೇಳಿದರೆ ಇನ್ನೊಬ್ಬರ ಬಾಯಿ ಬಿಚ್ಚೀತು ಎಂದುಕೊಂಡು, ಕೌಸಲ್ಯಾಬಾಯಿಯ ತೊಗರಿಕಾಯಿಯ ಮೊರದ ಪಕ್ಕ ಮೊಬೈಲ್ ಇಟ್ಟು ಬಟನ್ ಒತ್ತಿದಳು.

ನಾನಿಯ ನಡುಗುವ ದನಿ ಪಡಸಾಲೆ ತುಂಬಿತು. ಆ ಕಡೆಯ ಮನೆಮಾತಿನ ಉರ್ದು, ದಖ್ಖನಿಯಲ್ಲಿತ್ತು. ಬೆಂಕಿ, ಓಟ, ಜೋಳದ ಹೊಲ, ಬಾವಿ. ಅಮ್ಮಿ ಹಾರಿದ್ದು. ಹಿಂದೆಯೇ ಜೈನು ಬಿದ್ದದ್ದು.

ಕೌಸಲ್ಯಾಬಾಯಿಯ ಕೈ ನಿಂತಿತು. ಕಾಳು ಮೊರದಿಂದ ಉರುಳಿ ನೆಲಕ್ಕೆ ಬಿದ್ದವು.

"ಸುಳ್ಳು," ಅಂದರು. "ಜೈನು ಬಿದ್ದಿಲ್ಲ. ಮೆಟ್ಟಲದ ಮ್ಯಾಲ ಕೂತಿತ್ತು. ಕೂಸು ಅಳತದ, ದನಿ ಕೇಳಿ ಮಂದಿ ಬರ್ತಾರಂತ ಅಂಜಿ, ಇಲ್ಲೇ ಕೂಡು, ಬರ್ತೇನಿ ಅಂತ ಹೇಳಿ ಅಕ್ಕ ಓಡಿ ಹೋದಳು. ಬರಲಿಲ್ಲ. ಬಾವ್ಯಾಗಿನ ಹೆಣ ತೆಗಿಲಿಕ್ಕ ನಮ್ಮ ಓಣಿಯವರನ್ನ ಕರಿಸಿದರು. ನಮ್ಮವ್ವನೂ ಹೋಗಿದ್ದಳು. ಜೀವಂತ ಒಂದು ಸಿಕ್ತು. ಸೆರಗಿನಾಗ ಮುಚ್ಚಿ ಮನಿಗಿ ತಂದಳು, ಕೌಸಲ್ಯಾ ಅಂತ ಹೆಸರಿಟ್ಟಳು."

 ಕಪಿಲ ಗೋಡೆಗೆ ಆತುಕೊಂಡ. ಅಜ್ಜಿ ದಖ್ಖನಿಯ ಅಷ್ಟೂ ಮಾತನ್ನು ಹೇಗೆ ತಿಳಿದರು ಎಂದು ಅವನು ಕೇಳುವ ಅಗತ್ಯ ಉಳಿದಿರಲಿಲ್ಲ.

"ಈಕಿ ನಿನಗೇನಾಗಬೇಕು?" ಕೌಸಲ್ಯಾಬಾಯಿ ಮೊಬೈಲಿನತ್ತ ಬೆರಳು ತೋರಿಸಿದರು.

"ನಮ್ಮ ನಾನಿರಿ. ಅಮ್ಮಿಯ ತಾಯಿ." ತರನ್ನುಮ ಮೊಬೈಲ್ ಎತ್ತಿಕೊಂಡಳು. "ಬಾಳ ಜಡ್ಡಿನಾಗ ಅದಾಳರಿ. ಉಳಿಯಾಂಗಿಲ್ಲ ಅಂತಾರ. ನೀವು ಜೀವಂತ ಇದ್ದೀರಿ ಅಂತ ಕೇಳಿದರ..."

"ಹೇಳಬ್ಯಾಡ." ಮುದುಕಿಯ ದನಿ ಏರಲಿಲ್ಲ. "ಇಷ್ಟು ವರ್ಷ ನಾ ಕೌಸಲ್ಯಾ ಇದ್ದೀನಿ. ನನ್ನ ಮಗ ಊರಾಗ ತಲಿ ಎತ್ತಿ ತಿರುಗತಾನ. ಈಗಿನ ಕಾಲ ಸರಿ ಇಲ್ಲ, ಇದು ಹೊರಗ ಬಿದ್ದರ ಊರು ಎರಡಾಗ್ತದ. ಮತ್ತ, ಬರ್ತೇನಿ ಅಂದು ಬರಲಾರದಾಕಿಗಿ ಸುಖದ ಸಾವು ನಾ ಯಾಕ ಕೊಡಲಿ? ನಾ ಬದುಕೀನಿ ಅಂತ ಆಕಿಗಿ ಹೇಳಿದೆಂದರ ಈ ಮನಿ ಹೊಸ್ತಿಲು ನಿನಗಿಲ್ಲ. ಈ ಹುಡುಗನೂ ಇಲ್ಲ. ನನ್ನ ಕಣ್ಣು ಮಂಜಾಗ್ಯಾವ, ಕುರುಡಾಗಿಲ್ಲ."

ಬಸ್ಸಿಗೆ ನಡೆಯುವ ದಾರಿಯಲ್ಲಿ ಕಪಿಲ ಅವಳಿಂದ ದೂರ ನಡೆದ. ಬಾವಿ ದಾಟಿದ ಮೇಲೆ ನಿಂತ.

"ನಿನಗ ಬೇಕಾಗಿದ್ದು ಈ ಬಾವಿ. ಮೊದಲೇ ಹೇಳಿದ್ದಿ ನೀ. ನಾನೇ ಹುಚ್ಚ, ಬ್ಯಾರೆ ತಿಳಕೊಂಡೆ."

"ಕಪಿಲ, ಮೊದಲ ಹಂಗೇ ಇತ್ತು. ಈಗ ಇಲ್ಲ."

"ಎರಡನೇ ಸಾಕ್ಷಿ ಯಾರು ಅದಕ್ಕ?" ಎಂದು ಕೇಳಿ ಅವನು ಬಸ್ಸಿನತ್ತ ನಡೆದುಬಿಟ್ಟ. ಬಸ್ಸಿನಲ್ಲಿ ಅವಳು ಒಮ್ಮೆಯೂ ಹಿಂದೆ ತಿರುಗಲಿಲ್ಲ, ತಿರುಗಿದರೆ ಅಳು ಬರುತ್ತಿತ್ತು.

ಜಿಲ್ಲಾ ಸುತ್ತು ನಡೆದದ್ದು ಭಾಲ್ಕಿಯಲ್ಲಿ. ಕಪಿಲ ಬಂದ, ಚಾರ್ಟ್ ಹಿಡಿದ, ಅವಳ ಮುಖ ನೋಡಲಿಲ್ಲ. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ ಕೇಳಿದರು, "ಕೆರೆಯ ಭಾಗ ಚಲೋ ಅದ. ಆದರೆ ಬಾವಿಯ ಈ ಘಟನೆಗೆ ಒಂದೇ ಸಾಕ್ಷಿ. ಎರಡನೆಯದು ಸಿಗಲಿಲ್ಲವೇನಮ್ಮಾ?"

ಗೆಲುವು ಆ ಒಂದು ಮಾತಿನ ದೂರದಲ್ಲಿತ್ತು. ಹೆಸರು ಮರೆಮಾಚಿ ಹೇಳಬಹುದಿತ್ತು. ತರನ್ನುಮ ಕಪಿಲನನ್ನು ನೋಡಿದಳು. ಅವನು ಚಾರ್ಟನ್ನು ಎದೆಗೊತ್ತಿ ಹಿಡಿದಿದ್ದ.

"ಸಾಕ್ಷಿ ಬರೀಬ್ಯಾಡ ಅಂದಿದ್ದನ್ನ ನಾವು ಬರಿಯಾಂಗಿಲ್ರಿ ಸರ್," ಅಂದಳು. "ಮತ್ತ ನಮ್ಮ ಕಡಿಂದನೂ ಒಂದು ತಪ್ಪು ಆಗ್ಯದರಿ. ಅದಕ್ಕ ಬಾವಿಯ ಭಾಗ ಪೂರಾ ತೆಗೀತೇವಿ."

ಅವರು ಗೆಲ್ಲಲಿಲ್ಲ. ಸುರಂಗ ಬಾವಿಯ ತಂಡವೊಂದು ಗೆದ್ದಿತು. ಹೊರಗೆ ಬೇವಿನ ಮರದ ಕೆಳಗೆ ಕಪಿಲ ನೀರಿನ ಬಾಟಲಿ ತಂದು ಅವಳ ಮುಂದೆ ಹಿಡಿದ. "ಸಿಟ್ಟು ಹೋಗಿಲ್ಲ," ಎಂದ. "ನೀ ಇಲ್ಲದಿದ್ದರ ಸಿಟ್ಟು ಮಾಡಲಿಕ್ಕೂ ಆಗವಲ್ದು." ಅವಳು ಬಾಟಲಿ ತೆಗೆದುಕೊಂಡಳು, ಬೆರಳು ತಾಕಿದವು, ಇಬ್ಬರೂ ತಟ್ಟನೆ ಹಿಂದೆ ಸರಿಯಲಿಲ್ಲ.

ಆದರೆ ಮನೆಯಲ್ಲಿ ನಾನಿ ಇಳಿಯುತ್ತಿದ್ದರು. ಅನ್ನ ಬಿಟ್ಟಿದ್ದರು, ನೀರಿಗೆ ಮಾತ್ರ ಬಾಯಿ ತೆರೆಯುತ್ತಿದ್ದರು. ತರನ್ನುಮ ಹಾಸಿಗೆಯ ಪಕ್ಕ ಕೂತಾಗಲೆಲ್ಲ ಆ ಮಾತು ಎದೆಯಿಂದ ಬಾಯಿಗೆ ಬರುತ್ತಿತ್ತು. ಹೇಳಿದರೆ ನಾನಿಗೆ ತಂಗಿ ಸಿಗುತ್ತಾಳೆ, ತನಗೆ ಕಪಿಲ ಹೋಗುತ್ತಾನೆ. ಹೇಳದಿದ್ದರೆ ನಾನಿ ಹೀಗೇ ಹೋಗುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು ಅವಳದು. ಕೊನೆಗೆ ಅವಳ ಕೈ ಹಿಡಿದದ್ದು ಕಲಿತ ವಿದ್ಯೆಯೇ. ಏನನ್ನೂ ಹೇಳಿಕೊಡದೆ ಕೇಳಿದಳು.

"ನಾನಿ, ಜೈನು ಬಗ್ಗೆ ಹೇಳು. ಮೊದಲಿಂದ."

 ನಾನಿ ಎಂದೂ ಹೇಳದ ಕಥೆ ಹೇಳಿದರು. ಮೆಟ್ಟಿಲು, ಅಳು, ಮಂದಿಯ ಹೆಜ್ಜೆ ಸಪ್ಪಳ. ಇಲ್ಲೇ ಕೂಡು, ಬರ್ತೇನಿ ಎಂದು ತಾನು ಓಡಿದ್ದು. ಹೊಲದ ಅಂಚಿನಿಂದ ತಿರುಗಿ ನೋಡಿದಾಗ ಜೈನು ಅಳು ನಿಲ್ಲಿಸಿ, ಹೇಳಿದ ಮಾತು ಕೇಳಿ, ಕೈಕಟ್ಟಿ ಕೂತಿದ್ದು.

"ಬಿದ್ದಳು ಅಂತ ಸುಳ್ಳು ಹೇಳಿದೆ. ಬಿದ್ದಿದ್ದರ ನನ್ನ ತಪ್ಪು ಸಣ್ಣದಾಗ್ತಿತ್ತು. ಬೇಟಾ, ನಿನ್ನ ಫೋನ್ ಚಾಲೂ ಅದೇನು?"

"ಇಲ್ಲ ನಾನಿ."

"ಚಾಲೂ ಮಾಡು, ಇನ್ನೊಮ್ಮೆ ಹೇಳ್ತೇನಿ. ಇದನ್ನ ಒಯ್ದು ಆ ಬಾವಿಗಿ ಕೇಳಿಸು. ಜೈನು ಅಲ್ಲೇ ಅದಾಳ. ನನಗ ಬರಲಿಕ್ಕಾಗಲಿಲ್ಲ ಅಂತ ಹೇಳು."

ಮರುದಿನ ಸಂಜೆ ತರನ್ನುಮ ಬಾವಿಯ ಬಳಿ ನಿಂತಿದ್ದಳು. ಪಕ್ಕದಲ್ಲಿ ಕಪಿಲ. ಕೆಳಗೆ ಕಸಬರಿಗೆ ಹಿಡಿದ ಕೌಸಲ್ಯಾಬಾಯಿ.

"ನಾ ಆಕಿಗಿ ಏನೂ ಹೇಳಿಲ್ರಿ," ಅಂದಳು ತರನ್ನುಮ. "ಈ ಮಾತು ಬಾವಿಗಿ ಕೇಳಿಸು ಅಂತ ಆಕಿನೇ ಕಳಿಸ್ಯಾಳ. ನಿಮಗ ಬ್ಯಾಡಾದರ ಮನಿಗಿ ಹೋಗ್ರಿ. ಆಮ್ಯಾಲ ಹಚ್ಚತೇನಿ."

ಮುದುಕಿ ಹೋಗಲಿಲ್ಲ. ಕಸಬರಿಗೆ ಬದಿಗಿಟ್ಟು ಮೆಟ್ಟಿಲ ಮೇಲೆ ಕೂತರು. ದನಿ ಬಾವಿಯ ಗೋಡೆಗಳಿಗೆ ಬಡಿದು ಎರಡಾಗಿ ಮೇಲೆ ಬಂತು. ಮುಗಿಯಿತು. ನೀರು ಮೊದಲಿನಂತೆಯೇ ನಿಂತಿತ್ತು.

"ಮತ್ತೊಮ್ಮೆ ಹಚ್ಚು," ಅಂದರು.

ಎರಡನೇ ಸಲ ಕೇಳುವಾಗ ಅವರು ಕೈಕಟ್ಟಿಕೊಂಡಿದ್ದರು. ಕತ್ತಲಾಗುವ ಮುನ್ನ ಎದ್ದು ಹೇಳಿದರು: "ಆಕಿ ಜೀವಂತ ಇದ್ದಾಗ ನಾ ಬರಾಂಗಿಲ್ಲ. ನನ್ನಿಂದ ಆಗಾಂಗಿಲ್ಲ. ಆಕಿ ಹೋದ ದಿನ ಹೇಳಿ ಕಳಿಸು, ಮೈಗಿ ನೀರು ಹಾಕಲಿಕ್ಕ ಬರ್ತೇನಿ."

ಅಲ್ಲಿಂದ ಮುಂದೆ ತರನ್ನುಮ-ಕಪಿಲರ ಪ್ರೇಮ ಸಾವೊಂದನ್ನು ಎದುರು ನೋಡುವ ಪ್ರೇಮವಾಯಿತು. ಫೋನ್ ಮಾಡಿದಾಗಲೆಲ್ಲ ಕಪಿಲ ಮೊದಲು ಕೇಳುತ್ತಿದ್ದುದು, "ಆರಾಮ ಅದಾರ?" ಹೌದು ಅಂದರೆ ಇಬ್ಬರಿಗೂ ನೆಮ್ಮದಿ, ನೆಮ್ಮದಿಯ ಹಿಂದೆಯೇ ನಾಚಿಕೆ, ಏನನ್ನು ಕಾಯುತ್ತಿದ್ದೇವೆ ಎಂದು. ಒಂದು ಮುಂಜಾನೆ ಅವಳೇ ಫೋನ್ ಮಾಡಿದಳು.  "ಹೊರಡತೇವಿ," ಎಂದ ಕಪಿಲ.

ಚಿದ್ರಿಯ ಓಣಿ ಜನರಿಂದ ತುಂಬಿತ್ತು. ಒಳಗಿನ ಕೋಣೆಯಲ್ಲಿ ಪರದೆ ಕಟ್ಟಿ ಗುಸುಲಿಗೆ, ಕೊನೆಯ ಸ್ನಾನಕ್ಕೆ, ನೀರು ಕಾಯಿಸಿದ್ದರು. ಬಿಳಿ ನೂಲಿನ ಸೀರೆ ಉಟ್ಟ, ಹಣೆಯಲ್ಲಿ ಹಚ್ಚೆಯಿದ್ದ ಮುದುಕಿ ಮೊಮ್ಮಗನ ತೋಳು ಹಿಡಿದು ಬಾಗಿಲಿಗೆ ಬಂದಾಗ ಹೆಂಗಸರು ದಾರಿ ಬಿಡಲಿಲ್ಲ. ತರನ್ನುಮಳ ತಾಯಿ ಆಬೇದಾ ಅತ್ತು ಊದಿದ ಕಣ್ಣೆತ್ತಿ ಕೇಳಿದರು, "ಇವರು ಯಾರು?"

ಎಲ್ಲರೂ ತರನ್ನುಮಳನ್ನು ನೋಡಿದರು. ಹೇಳುವಂತಿಲ್ಲ. ಹೇಳಬ್ಯಾಡ ಅಂದಿದ್ದ ಮಾತು ಇನ್ನೂ ಕೊರಳಿಗೆ ಬಿಗಿದಿತ್ತು. ಅವಳು ತಲೆ ತಗ್ಗಿಸಿದಳು.

ಕೌಸಲ್ಯಾಬಾಯಿ ಮೊಮ್ಮಗನ ತೋಳು ಬಿಟ್ಟರು.

"ಮೈಂ ಇನೋ ಕೀ ಛೋಟಿ ಭೈನ," ಅಂದರು. ನಾನು ಇವಳ ತಂಗಿ. ಐದರ ವಯಸ್ಸಿನಲ್ಲಿ ನಿಂತುಹೋದ ದಖ್ಖನಿ, ಮಗುವಿನ ಉಚ್ಚಾರದ್ದು. "ಜೈನು."

 ಆಬೇದಾ ಪರದೆಯ ಅಂಚನ್ನು ತಾವೇ ಎತ್ತಿದರು.

ಒಳಗೆ ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಅಳುವ ಸದ್ದು ಕೇಳಲಿಲ್ಲ. ಅಂಗಳದಲ್ಲಿ ಆಗಲೇ ಪಿಸುಮಾತು ಎದ್ದಿತ್ತು, ಗೇಟಿನ ಬಳಿ ಒಂದೆರಡು ಮೊಬೈಲ್ ಮೇಲೆ ಬಂದಿದ್ದವು. ಕೌಸಲ್ಯಾಬಾಯಿ ಒದ್ದೆ ಸೆರಗು ಹಿಂಡುತ್ತ ಹೊರಗೆ ಬರುವಷ್ಟರಲ್ಲಿ ಕಪಿಲನ ಫೋನ್ ರಿಂಗಾಯಿತು. ಅವನ ಮುಖ ಕಪ್ಪಿಟ್ಟಿತು.

"ಅಪ್ಪ," ಎಂದ ತರನ್ನುಮಳಿಗೆ.

"ಎತ್ತು."

ಎತ್ತಿದ. ಆ ಕಡೆಯ ಕೂಗು ಅವಳಿಗೂ ಕೇಳಿಸಿತು. ಕಪಿಲ ಪೂರ್ತಿ ಕೇಳಿಸಿಕೊಂಡ. "ಹೌದಪ್ಪಾ, ಆ ಹುಡುಗಿ ಮನಿನೇ. ಆಕಿನ್ನೇ ಲಗ್ನ ಆಗ್ತೇನಿ. ಇವತ್ತು ಹೇಳೋ ಮಾತಲ್ಲ, ನೀವು ಕೇಳಿದ್ದಕ್ಕ ಹೇಳಿದೆ." ತರನ್ನುಮಳಿಗೆ ಅವನು ಇದನ್ನು ಎಂದೂ ಹೇಳಿರಲಿಲ್ಲ. ಅವಳು ಅಳುತ್ತಲೇ ಇದ್ದಳು, ಆ ಅಳುವಿನಲ್ಲಿ ಯಾವುದು ಯಾವುದಕ್ಕೆಂದು ಅವಳಿಗೇ ತಿಳಿಯಲಿಲ್ಲ.

 ಫೋನ್ ಕಟ್ಟಾಗಿರಲಿಲ್ಲ. ಕೌಸಲ್ಯಾಬಾಯಿ ಕೈ ಚಾಚಿ ಅದನ್ನು ತೆಗೆದುಕೊಂಡರು.

"ಮಾಣಿಕಾ," ಅಂದರು. "ನಿನ್ನ ದೊಡ್ಡವ್ವ ತೀರಿಕೊಂಡಾಳ. ಮಣ್ಣಿಗಿ ಬಾ."

ಫೋನ್ ಕೊಟ್ಟು ಜಗುಲಿಯ ಮೇಲೆ ಕೂತರು. ಮಗ ಬರುತ್ತಾನೋ, ಬಂದರೆ ಒಬ್ಬನೇ ಬರುತ್ತಾನೋ, ಮಂದಿಯನ್ನು ಕಟ್ಟಿಕೊಂಡು ಬರುತ್ತಾನೋ, ಯಾರಿಗೂ ಗೊತ್ತಿರಲಿಲ್ಲ. ಕಪಿಲ ಬಂದು ತರನ್ನುಮಳ ಪಕ್ಕದಲ್ಲಿ ನಿಂತ. ಗೇಟಿನ ಬಳಿಯ ಜನ ನೋಡುತ್ತಿದ್ದರು. ಅವಳು ಸರಿದು ನಿಲ್ಲಲಿಲ್ಲ.